ಹೂಂ ಅಂದವರ ಲೆಕ್ಕ

ಸೋಮವಾರ ಹತ್ತಕ್ಕೆ ಮೀಟಿಂಗು.
ಉದ್ಯಮಬಾಗಿನ ಅಷ್ಟೂ ಮಸಿ ನಮ್ಮ ಕಿಟಕಿಗೆ.
ಸಾಹೇಬರು ಹೇಳುತ್ತಾರೆ, ನಾವು ಹೂಂ ಅನ್ನುತ್ತೇವೆ.

ನನ್ನ ಹೂಂ ಅಂದರೆ: ಕೇಳಿಸಿತು, ಮುಂದೆ ಹೇಳಿ.
ಯಲ್ಲೋಜಿಯ ಹೋ ಅಂದರೆ: ಊಟದ ಹೊತ್ತಾಯಿತು.
ದಸ್ತಗೀರ ಜೀ ಅಂದನೋ, ಅವತ್ತು ಸಂಜೆ
ಕುಲುಮೆಯ ಹತ್ತಿರ ಯಾರೂ ಸುಳಿಯಬಾರದು.
ಚಾಂಗ್‌ವೊನ್‌ನಿಂದ ಬಂದ ಕ್ವೊನ್
‘ನೇ, ನೇ’ ಎಂದು ತಲೆಬಾಗಿದಾಗ
ಯಲ್ಲೋಜಿ ನನ್ನ ಕಿವಿಯಲ್ಲಿ:
‘ನಕೋ ಅಂತಾನೇನ್ರಿ ಇಂವಾ?’
ಅವನ ಭಾಷೆಯಲ್ಲಿ ಅದು ಹೌದು ಎಂದು ತಿಳಿಯಲು
ನಮಗೆ ಎರಡು ತಿಂಗಳು ಹಿಡಿಯಿತು,
ನಾಲ್ಕು ನೂರು ವಾಲ್ವ್ ಬಾಡಿ.

ಅದರಲ್ಲಿ ಮುನ್ನೂರಕ್ಕೆ ಒಂದೇ ರೋಗ:
ಹೊರಗೆ ನುಣುಪು, ಕೊರೆದರೆ ಒಳಗೆ
ಜೋಳದ ಕಾಳಿನಷ್ಟು ಗಾಳಿಯ ತೂತು.
ಕೆಟ್ಟದ್ದಕ್ಕೆ ದಂಡ. ಹಾಗಾಗಿ ಕೆಟ್ಟದ್ದು
ಕತ್ತಲಾದ ಮೇಲೆ ಹಳೆ ಮರಳಿನ ಗುಡ್ಡೆ ಸೇರುತ್ತಿತ್ತು
ಹೆಸರಿಡದ ಕೂಸಿನ ಹಾಗೆ.

ವಹಿಯಲ್ಲಿ ನಾನು ಬರೆಯದ ಮಾತೊಂದಿತ್ತು.
ಉಳಿದ ನೂರು ಫಕೀರವ್ವನ ಪಾಳಿಯವು.
ಯಾವ ಕಾಗದದಲ್ಲೂ ಇಲ್ಲದ ಸೈಕಲ್ಲಿನ ಕಡ್ಡಿಯೊಂದನ್ನು
ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಾಳೆ,
ಹಸಿ ಕೋರಿಗೆ ಚುಚ್ಚುತ್ತಾಳೆ,
ಒಳಗಿನ ಉಸಿರಿಗೆ ದಾರಿ.
ನಾನು ನೋಡಿದ್ದೆ.
ನಾನು ನೋಡಿದ್ದನ್ನು ಅವಳೂ ನೋಡಿದ್ದಳು.

ಒಂದು ಸೋಮವಾರ ಕ್ವೊನ್ ಚೀಲ ಬಿಚ್ಚಿ
ತುಕ್ಕು ಹಿಡಿದ ತುಂಡೊಂದನ್ನು ಮೇಜಿನ ಮೇಲಿಟ್ಟ.
ಹನ್ನೊಂದು ವರ್ಷದ ಹಿಂದೆ ತಾನೇ ಕೆಡಿಸಿದ್ದಂತೆ.
ಊರು ಬಿಟ್ಟು ಊರಿಗೆ ಹೊತ್ತು ತಿರುಗುತ್ತಾನಂತೆ.
‘ನಂದು’ ಅಂದ. ಅವನಿಗೆ ಬರುತ್ತಿದ್ದ ಕನ್ನಡ
ಅದೊಂದು, ಮತ್ತೆ ‘ಚಹಾ ಸಾಕು’.

ಫ್ಯಾನು ತಿರುಗುತ್ತಿತ್ತು.
ಸಾಹೇಬರು ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು.

ಕುರ್ಚಿ ಸಿಗದವರು ನಿಲ್ಲುವ ಬಾಗಿಲ ಸಾಲಿನಿಂದ
‘ಹಂಗಲ್ರೀ ಸಾಹೇಬ್ರ’
ಎಂದಿತು ಒಂದು ದನಿ. ದನಿ ನಡುಗಲಿಲ್ಲ,
ಕಡ್ಡಿ ಹಿಡಿದ ಕೈ ನಡುಗಿತು.

ಈಗ ಅದು ಡ್ರಾಯಿಂಗಿನಲ್ಲಿದೆ: ತಿದ್ದುಪಡಿ ‘ಸಿ’,
ಎರಡು ಮಿಲಿಮೀಟರು, ಐದು ಕಡೆ.
ತಯಾರಿಸಿದವರು ಎಂಬಲ್ಲಿ ಸಾಹೇಬರ ಸಹಿ,
ಪರಿಶೀಲಿಸಿದವರು ಎಂಬಲ್ಲಿ ನನ್ನದು.
ಮರಳಿನ ಗುಡ್ಡೆ ಅಗೆದು ತೆಗೆಸಿದ್ದೇವೆ.
ಕೆಟ್ಟವು ಬಾಗಿಲ ಪಕ್ಕದ ಕಪಾಟಿನಲ್ಲಿ
ಚೀಟಿ ಅಂಟಿಸಿಕೊಂಡು ಕೂತಿವೆ, ಬಂದವರಿಗೆಲ್ಲ ಕಾಣುವಂತೆ.
ದಂಡವಿಲ್ಲ. ಯಲ್ಲೋಜಿ ಈಗ ಜಗಳವಾಡುತ್ತಾನೆ,
ಊಟದ ಹೊತ್ತು ಮೀರಿದರೂ.

ಅವಳ ಹೆಸರು ಎಲ್ಲಿ ಬರೆಯಬೇಕು ಎಂದು ಕ್ವೊನ್ ಕೇಳಿದ.
ಅದಕ್ಕೆ ಕಾಲಮ್ಮಿಲ್ಲ, ನೋಡೋಣ, ಅಂದರು ಸಾಹೇಬರು.

ನಾನು ಹೂಂ ಅಂದೆ.