ಎಡ ಮೂಲೆಯ ಸೂರ್ಯ

ಲಿಂಕನ್ನಿನಲ್ಲಿ ಡಿಸೆಂಬರಿನ ಸೂರ್ಯ
ಮೂರೂ ಮುಕ್ಕಾಲಿಗೆ ಅಂಗಡಿ ಮುಚ್ಚುತ್ತಾನೆ.
ನಮ್ಮ ಕಚೇರಿಯ ಸೂರ್ಯ ಹಾಗಲ್ಲ.
ಹಾಳೆಯ ಎಡ ಮೇಲಿನ ಮೂಲೆಯಲ್ಲಿ ಕೂತವನು
ಏಳುವುದೇ ಇಲ್ಲ. ಮಡಕೆಯ ಚೂರೋ, ಮೂಳೆಯ ಸೂಜಿಯೋ,
ಅಗೆದು ತಂದದ್ದು ಏನೇ ಇರಲಿ
ಬೆಳಕು ಅಲ್ಲಿಂದಲೇ. ಅದು ನಿಯಮ.
ಕಿಟಕಿ ಇರುವುದು ನನ್ನ ಬಲಕ್ಕೆ.
ಹಾಗಾಗಿ ಕಣ್ಣು ಕಂಡದ್ದನ್ನು ಕೈ
ದಿನವಿಡೀ ತಿರುಗಿಸಿ ಬರೆಯುತ್ತದೆ.

"ನೆಲದ ಮೇಲೆ ನೆರಳು ಬೀಳಿಸಬೇಡ,"
ವಿನಿಫ್ರೆಡ್ ಆಸ್ಕ್ಯೂ ಹೇಳಿಕೊಟ್ಟ ಮೊದಲ ಪಾಠ.
"ಮೈಯ ನೆರಳು ಸಾಕು. ಉಬ್ಬು ಎಲ್ಲಿ, ತಗ್ಗು ಎಲ್ಲಿ, ಅಷ್ಟೇ."
ಅದಕ್ಕೇ ನಮ್ಮ ವಸ್ತುಗಳು ಎಲ್ಲೂ ಕೂತಿರುವುದಿಲ್ಲ,
ಬಿಳಿಯಲ್ಲಿ ತೇಲುತ್ತವೆ.
ನೆರಳು ಬೀಳದವರು ಒಂದೋ ದೇವರು, ಇಲ್ಲಾ ದೆವ್ವ.
ಹರಕು ಬೂಟಿನ ಅಟ್ಟೆಯನ್ನು ಯಾವುದಕ್ಕೆ ಸೇರಿಸುವುದೋ
ನನಗಿನ್ನೂ ಗೊತ್ತಾಗಿಲ್ಲ.

ಪೆನ್ನಿನ ಮೊನೆ ಕೂದಲಷ್ಟು. ಗೆರೆ ಎಳೆಯುವಂತಿಲ್ಲ,
ಚುಕ್ಕಿ ಇಡಬೇಕು. ದಟ್ಟ, ಆಮೇಲೆ ವಿರಳ,
ಆಮೇಲೆ ಉಸಿರು ಹಿಡಿದು ಇಟ್ಟ ಒಂದೇ ಒಂದು,
ಅಲ್ಲಿಂದಾಚೆ ಬರೀ ಹಾಳೆ.
ತೀರ ಅಂಚಿಗೆ ಹೋದಾಗ ಕಪ್ಪು ಕೊಂಚ ಸಡಿಲವಾಗಬೇಕು,
ಇಲ್ಲವಾದರೆ ಬಟ್ಟಲು ದುಂಡಗಾಗದೆ ಕೊಯ್ದ ಹಾಗೆ ಕಾಣುತ್ತದೆ.
ಬೆಳಕನ್ನು ಬರೆಯಲು ಬರುವುದಿಲ್ಲ, ಬಿಡಲು ಬರಬೇಕು.
ಕಲಿಯುವುದಕ್ಕೆ ಎರಡು ವರ್ಷ, ಒಂದು ಕನ್ನಡಕ ಹಿಡಿಯಿತು.

ಇವತ್ತಿನ ಡಬ್ಬಿಯಲ್ಲಿ ಒಂದು ಮಣ್ಣಿನ ದೀಪ.
ಅಂಗೈಯಷ್ಟು. ಹಿಡಿ ಮುರಿದಿದೆ.
ಚರಂಡಿ ಅಗೆಯುವಾಗ ಸಿಕ್ಕಿದ್ದು.
ಎಣ್ಣೆ ಹೊಯ್ಯುವ ತೂತಿಗೆ ಆಳ ಕೊಟ್ಟೆ,
ಹೊಟ್ಟೆ ದುಂಡಗೆ ಮಾಡಿದೆ.
ಸೂರ್ಯನಿಗೆ ದೀವಟಿಗೆ ಹಿಡಿಯುತ್ತಾರಲ್ಲ,
ಇದು ಅದರ ಉಲ್ಟಾ.
ಮೂತಿಯ ಹತ್ತಿರ ಬಂದು ಪೆನ್ನು ನಿಂತಿತು.
ಅಲ್ಲಿ ಕಪ್ಪಿದೆ. ತಗ್ಗಲ್ಲ, ನೆರಳಲ್ಲ.
ದೀಪವನ್ನು ಹೇಗೆ ತಿರುಗಿಸಿದರೂ ಅದು ಅಲ್ಲೇ.

"ಕಲೆ," ಅಂದಳು ವಿನಿಫ್ರೆಡ್, ಭೂತಗನ್ನಡಿ ಇಳಿಸಿ,
"ಬಿಟ್ಟುಬಿಡು. ನಾವು ಬರೆಯುವುದು ಆಕಾರ."
ನಿಜ. ಆದರೆ ಅದು ಮಸಿ.
ಈ ದೀಪ ಒಮ್ಮೆ ತನ್ನದೇ ಬೆಳಕಲ್ಲಿ ಇದ್ದದ್ದಕ್ಕೆ
ಉಳಿದಿರುವ ಒಂದೇ ಸಾಕ್ಷಿ.
ಎಡದಿಂದಲ್ಲ, ಮೇಲಿಂದಲ್ಲ, ಒಳಗಿಂದ.
ನನ್ನ ಪೆನ್ನಿನಲ್ಲಿ ಇರುವುದಕ್ಕೂ
ನಮ್ಮ ಕಡೆ ಅದೇ ಹೆಸರು.

ಮೂರೂವರೆ. ಕಿಟಕಿಯಾಚೆ
ಕಡಿದು ಬೀದಿಯ ಕಲ್ಲುಗಳು ಕಂದುತ್ತಿವೆ.
ವಿನಿಫ್ರೆಡ್ ಚಹಾಕ್ಕೆ ನೀರಿಡಲು ಎದ್ದಳು.
ಮೂತಿಯ ಬಳಿ ಒಂಬತ್ತು ಚುಕ್ಕಿ ಹೆಚ್ಚಿಗೆ ಇಟ್ಟೆ.
ಕೇಳಿದರೆ ತಗ್ಗು ಅನ್ನುತ್ತೇನೆ.