ನೆಲಕ್ಕೆ ಎಷ್ಟು ಅಂಕ

ಲಿಂಗಸೂಗೂರಿನಿಂದ ಮುದಗಲ್ಲಿನ ದಾರಿ,
ಹತ್ತಿ ಮಿಲ್ಲು ದಾಟಿದ ಮೇಲೆ ಎಡಕ್ಕೆ
ನಾನೇ ಗೆರೆ ಎಳೆದ ವೃದ್ಧಾಶ್ರಮ.
ವರ್ಷದ ಮೇಲೆ ಅದಕ್ಕೆ ಅಂಕ ಹಾಕಲು ಬಂದಿದ್ದೇನೆ,
ಕೈಯಲ್ಲಿ ಟೇಪು, ನಲವತ್ತೆರಡು ಪ್ರಶ್ನೆಯ ಫಾರಂ.

ಇಳಿಜಾರು ಹನ್ನೆರಡಕ್ಕೆ ಒಂದು. ಸರಿ.
ಬಾಗಿಲಗಲ, ಗಾಲಿಕುರ್ಚಿ ದಾಟಿ ನಾಲ್ಕು ಬೆರಳು ಮಿಗುತ್ತದೆ.
ಹಿಡಿಕೆ, ಕರೆಗಂಟೆ, ಸೊಳ್ಳೆಪರದೆ: ಸರಿ, ಸರಿ, ಸರಿ.
ನೆಲ ಇಳಕಲ್ಲಿನ ಕೆಂಪು ಗ್ರಾನೈಟು,
ಉದ್ಘಾಟನೆಯ ದಿನ ಬಂದವರೆಲ್ಲ
ಬಗ್ಗಿ ಮುಖ ನೋಡಿಕೊಂಡ ಪಾಲಿಶು.

ಒಂಬತ್ತರ ಬಿಸಿಲು ಪಡಸಾಲೆಯುದ್ದಕ್ಕೂ ಮಲಗಿತು.
ನಾನು ಹೊಸ್ತಿಲು ತೆಗೆಸಿದ್ದ ಬಾಗಿಲಲ್ಲಿ
ಹೊಸ್ತಿಲು ಇದ್ದಂತೆಯೇ ನಿಂತಳು ಖಾಸಿಂಬಿ.
ಚಪ್ಪಲಿ ಕಳಚಿ ಕಂಕುಳಲ್ಲಿಟ್ಟು
ನಿರಿಗೆಯನ್ನು ಮೊಣಕಾಲಿಗೆತ್ತಿ
ಕಾಲ್ಬೆರಳಿನಿಂದ ಆಳ ನೋಡಿದಳು.
"ಹೊಳಿ ಬಂದೈತಿ. ಇವತ್ತ ದಾಟೂದು ಬ್ಯಾಡ."

ದಿನಾ ಹೀಗೇನಾ?
"ದಿನಾ ರೀ," ಆಯಾ ಹುಲಿಗೆಮ್ಮ ಅಂದಳು,
"ಬಿಸಲು ಸರದ ಮ್ಯಾಲ ನೀರು ಇಳೀತೈತಿ.
ಅಲ್ಲೀತನ ನಾಷ್ಟಾಕ್ಕ ಬರಂಗಿಲ್ಲ, ತಾಟು ನಾನ ಒಯ್ತೀನಿ.
ನಾನೂ ಸೀರಿ ಎತ್ತಿಕೊಂಡ ಹೋಗಬೇಕು, ಇಲ್ಲಂದ್ರ ಬೈತಾಳ."

ಎರಡು ನದಿಗಳ ನಡುವಿನ ಈ ನಾಡಿಗೆ
ಮೂರನೆಯದನ್ನು ತಂದು ಹಾಸಿದ್ದೇನೆ,
ಚದರಡಿಗೆ ನೂರಾ ಎಂಬತ್ತರಂತೆ.

ಕೊನೆಯ ಮಂಚದ ಜಂಬಣ್ಣನಿಗೆ ಈ ಹೊಳಪು ಕಾಣದು.
ಹಟ್ಟಿ ಗಣಿಯಲ್ಲಿ ಮೂವತ್ತೊಂದು ವರ್ಷ ನೆಲದಡಿ ದುಡಿದವನು,
ಈಗ ಎರಡೂ ಕಣ್ಣಿಗೆ ಪರೆ.
"ನಿಮ್ಮ ಗ್ವಾಡಿ ಕೈ ಹಚ್ಚಿದರ ಮಾತಾಡಂಗಿಲ್ರೀ.
ಎಲ್ಲಾ ಬಾಗಲಾ ಒಂದ ನಮೂನಿ.
ರಾತ್ರಿ ಸಂಡಾಸ ಅಂತ ದೇವರ ಕೋಲಿಗೆ ಹೋಗಿದ್ದೆ.
ದೇವರು ಏನೂ ಅನಲಿಲ್ಲ, ಮ್ಯಾನೇಜರ ಅಂದ."

ಆಮೇಲೆ ಅವನೇ ಹಿಡಿಕೆಗೆ ಸುತಳಿ ಸುತ್ತಿದ್ದಾನೆ.
ಒಂದು ಗಂಟು ಊಟದ ಮನೆ,
ಎರಡು ಗಂಟು ಸಂಡಾಸು.
ಮೂರು ಗಂಟಿದ್ದಲ್ಲಿ ಖಾಸಿಂಬಿಯ ಬಾಗಿಲು.
ಯಾಕೆಂದು ಕೇಳಿದೆ. "ಸುಮ್ನ," ಅಂದ.
"ನಾ ಕರಕೊಂಡ ದಾಟಸ್ತೀನಿ ಬಾ ಅಂದರ ನಗತಾಳ.
ಕಣ್ಣಿಲ್ಲದವ ಅಂಬಿಗ ಆಗತಾನೇನು ಅಂತಾಳ."

ಸುತಳಿ ಕೊಳೆಯಾಗಿದೆ, ತೆಗೆಸಿ ಎಂದು
ಹೋದ ತಿಂಗಳು ಬಂದವರು ಷರಾ ಬರೆದು ಹೋಗಿದ್ದಾರೆ.
ಅದರ ಮೇಲೆ ಗೀಟು ಎಳೆದೆ.
ನೆಲದ ಮುಂದಿನ ಚೌಕ ಖಾಲಿಯೇ ಇದೆ,
ಐದಕ್ಕೆ ಎಷ್ಟೆಂದು ಹೊಳೆಯಲಿಲ್ಲ.

ಗೇಟು ಆಚೆ ಕಡೆ. ಬಿಸಿಲಿನ್ನೂ ಸರಿದಿಲ್ಲ.
ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾಳೆ ಖಾಸಿಂಬಿ.
ಬೂಟು ಕಳಚಿದೆ, ಪ್ಯಾಂಟು ಮಡಚಿದೆ,
ಫಾರಂ ನೆನೆಯದಂತೆ ತಲೆಗಿಂತ ಮೇಲೆ ಹಿಡಿದು
ಇಳಿದೆ.
"ಬಲಕ್ಕ, ಬಲಕ್ಕ ಹೋಗಪಾ," ಹಿಂದಿನಿಂದ ಕೂಗಿದಳು,
"ಎಡಕ್ಕ ಸೆಳವು ಐತಿ."