ನಾಲ್ಕು ಬೆರಳು ಕರುಳು

ಮೂರನೇ ದಿನವೂ ಕಾಡಿಗೆಯಂಥ ಆ ಮೊದಲ ಮಲ ಬರಲಿಲ್ಲ.
ಕುಡಿದ ಹಾಲು ಹಸಿರಾಗಿ ಬಾಯಿಂದ ವಾಪಸು ಬಂತು.
ಹೊಟ್ಟೆ, ಅಳತೆ ತಪ್ಪಿ ಗಾಳಿ ಹೊಡೆದ ಟ್ಯೂಬು.
ನಾನು ತಣ್ಣೀರುಹಳ್ಳದಲ್ಲಿ ಪಂಕ್ಚರ್ ಹಾಕುವವನು;
ಬೆರಳಲ್ಲಿ ತಟ್ಟಿ ಸದ್ದು ಕೇಳಿದೆ,
ಹೆದರಿದೆ.

ಡಾಕ್ಟರ್ ಪುಷ್ಪದಂತ ಎಕ್ಸ್‌ರೇ ಕವರಿನ ಮೇಲೆ
ಚಿತ್ರ ಬರೆದರು. ಮೇಲೆ ಉಬ್ಬು, ಕೆಳಗೆ ಇಕ್ಕಟ್ಟು.
"ಈ ಕೊನೇಲಿ ನಾಲ್ಕು ಬೆರಳಷ್ಟು ಕರುಳಿಗೆ ನರವೇ ಹುಟ್ಟಿಲ್ಲ.
ಮುಂದಕ್ಕೆ ದಬ್ಬಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ."
ನನ್ನ ನಾಲ್ಕು ಬೆರಳೋ, ಮಗುವಿನವೋ,
ಕೇಳಲಿಲ್ಲ.

ಬಸುರಿಯಲ್ಲಿ ಗ್ರಹಣ ನೋಡಿದ್ಲೇನೋ, ಅಂದಳು ನಮ್ಮ ಅಮ್ಮಿ.
"ಯಾರೂ ಏನೂ ಮಾಡಿಲ್ಲಮ್ಮ" ಅಂದರು ಡಾಕ್ಟರು.
ಅದುವರೆಗೂ ಅಳದಿದ್ದ ನಸೀಮಾ ಆಗ ಅತ್ತಳು.

ಕರುಳಿಲ್ಲದವನು ಅಂತ ಬೈಯುವುದು ಕೇಳಿದ್ದೇನೆ,
ಬಡ್ಡಿಯವನನ್ನು, ಹೆಂಡತಿಯನ್ನು ಹೊರಗಟ್ಟಿದವನನ್ನು.
ಇದ್ದ ಕರುಳಿಗೇ ಅರಿವಿಲ್ಲ ಅನ್ನುವುದು
ಅವತ್ತೇ ಮೊದಲು.

ಹೊಕ್ಕುಳ ಪಕ್ಕ ಒಂದು ಬಾಯಿ ತೆರೆದರು,
ಕೆಂಪಗೆ, ಒದ್ದೆಯಾಗಿ, ದಾಳಿಂಬೆ ಮೊಗ್ಗಿನ ಹಾಗೆ.
ನಸೀಮಾ ಅತ್ತ ನೋಡಲೊಲ್ಲಳು.
ಸಿಸ್ಟರ್ ಲಿಲ್ಲಿ ಚೀಲವನ್ನೂ ಕತ್ತರಿಯನ್ನೂ ಮುಂದಿಟ್ಟಾಗ
ನನ್ನ ಕಡೆ ತಿರುಗಿ, "ಪ್ಯಾಚು ಅಂಟಿಸೋದು ನಿಮ್ಮ ಕಸುಬಲ್ವಾ?"
ಒರೆಸು, ಒಣಗಿಸು, ಅಂಚು ಒತ್ತಿ ಹಿಡಿದು ನೂರು ಎಣಿಸು.
ಟ್ಯೂಬಿಗಾದರೂ ಅದೇ ಶಾಸ್ತ್ರ.
ಚೀಲ ಮುಗಿದ ವಾರ ಹಳೇ ಲುಂಗಿ ಹರಿದು ಕಟ್ಟಿದೆವು.
ನಾದಿನಿಯ ಮದುವೆಯಲ್ಲಿ, ಏನಿದು ನಾತ, ಅಂದವರಿಗೆ
"ನನ್ನ ಮಗನದು" ಅಂದಳು, ಬಿರಿಯಾನಿ ಬಡಿಸುತ್ತಲೇ.

ಎಂಟನೇ ತಿಂಗಳು ಮತ್ತೆ ಕರೆದರು.
ನರವಿಲ್ಲದ್ದನ್ನು ಕೊಯ್ದು, ನರವಿದ್ದದ್ದನ್ನು ಕೆಳಗೆಳೆದು
ಹೊಲಿದರು. ಸಂತೇಪೇಟೆಯ ಸೌತೆಕಾಯಿ ಗಾಡಿ
ಆಸ್ಪತ್ರೆ ಗೇಟಿನ ಮುಂದೆ ನಾಲ್ಕು ಸಲ ಹಾದುಹೋಯಿತು.

ಆಮೇಲೆ ಇಡೀ ವಾರ್ಡು ಕಾಯುತ್ತಾ ಕೂತಿತು,
ಒಂದು ಹೂಸಿಗಾಗಿ.
ಗಾಳಿ ಸೋರುವುದನ್ನು ನಿಲ್ಲಿಸಿಯೇ ಅನ್ನ ಉಂಡವನು
ಆ ರಾತ್ರಿ, ಸೋರಲಿ ಅಂತ ದುವಾ ಮಾಡಿದೆ.
ಮೂರನೇ ಬೆಳಗಿನ ಜಾವ ಬಂತು. ಸಣ್ಣದು.
ಪಕ್ಕದ ಮಂಚದ ಗೌಡರ ಹೆಂಗಸು ಎದ್ದು ಕೂತು
"ಬಂತಾ?" ಅಂದಳು.

ಈಗ ದಿನಾ ಅಂಗಡಿ ಮುಚ್ಚಿ
ಸೀಮೆಎಣ್ಣೆಯಲ್ಲೊಮ್ಮೆ, ಸೋಪಿನಲ್ಲೆರಡು ಸಲ ಕೈ ತೊಳೆಯುತ್ತೇನೆ.
ಉಗುರ ಸಂದಿನ ಕಪ್ಪು ಹೋಗುವುದಿಲ್ಲ.
ಹೊಲಿಗೆ ಬಿಗಿಯದಿರಲೆಂದು ಕೊಟ್ಟ ನುಣುಪು ಕಡ್ಡಿಗೆ ಎಣ್ಣೆ ಸವರಿ
ಕಾಲೆತ್ತಿ ಹಿಡಿದರೆ ಎದೆಗೇ ಒದೆಯುತ್ತಾನೆ.
ದಬ್ಬು ಮಗನೇ, ಅನ್ನುತ್ತೇನೆ.
ಒಂದೊಂದು ದಿನ
ದಬ್ಬುತ್ತಾನೆ.